ಬಿದ್ದ ಮೇಲಿನ ಫೋಟೋ

 2025ರ ಜುಲೈ 30ರ ಸಂಜೆ ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ ನಿಸಾರ್ ಉಪಗ್ರಹವನ್ನು ಹೊತ್ತು ಹಾರಿತು. ಇಸ್ರೋ ಮತ್ತು ನಾಸಾ ಸೇರಿ ಮಾಡಿದ ಉಪಗ್ರಹ. ನಾವೂ ಚಪ್ಪಾಳೆ ತಟ್ಟಿದೆವು, ತಟ್ಟಲೇಬೇಕು. ಆದರೆ ಈ ತಾರೀಖು ನನಗೆ ಬೇರೆ ಕಾರಣಕ್ಕೂ ನೆನಪಿದೆ.

2024ರಲ್ಲಿ ಇದೇ ದಿನ ನಸುಕಿನಲ್ಲಿ ವಯನಾಡಿನ ಗುಡ್ಡ ಜರಿದು ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಎರಡು ವಾರ ಮೊದಲು, ಜುಲೈ 16ರಂದು, ನಮ್ಮದೇ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಿತ್ತು. ಇಸ್ರೋದ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, "ನೋಡಿ, ಮೊದಲು ಹೀಗಿತ್ತು, ಈಗ ಹೀಗಾಗಿದೆ" ಎಂದು ಇಲ್ಲೇ ಕೂತು ನಾನು ವಿವರಿಸಿದ್ದೆ.

ಆ ಆಟಿಯಲ್ಲಿ ಊರಿಗೆ, ಬೆಳ್ಮಣ್‌ಗೆ ಹೋಗಿದ್ದೆ. ಚಾವಡಿಯಲ್ಲಿ ಕೂತಿದ್ದ ಮಾವ ಕೇಳಿದರು: "ನೀನು ಬಿದ್ದ ಮೇಲಿನ ಫೋಟೋ ಚಂದ ತೋರಿಸಿದೆ. ಬೀಳುವ ಮೊದಲಿನ ಫೋಟೋ ಅಷ್ಟು ದಿನ ಯಾರ ಹತ್ರ ಇತ್ತು ಮಾರಾಯ?"

ಇಂಜಿನಿಯರಿಂಗ್ ಓದಿದವನು ನಾನು. ಉತ್ತರ ಹೊಳೆಯಲಿಲ್ಲ.

ಫೋಟೋ ಇತ್ತು. ಕಾರ್ಟೊಸ್ಯಾಟ್-3 ತೆಗೆದ ಆ ಚಿತ್ರ 2023ರ ಮೇ ತಿಂಗಳದ್ದು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ದೇಶದ ಭೂಕುಸಿತಗಳ ನಕ್ಷೆ ಪುಸ್ತಕ ಹೊರತಂದಿತ್ತು. 1998ರಿಂದ 2022ರವರೆಗಿನ ಸುಮಾರು 80,000 ಜಾಗಗಳು ಅದರಲ್ಲಿವೆ. 2018ರ ಕೊಡಗು ಇದೆ. ಮುಂಡಕ್ಕೈ ಮೇಲಿನ ಆ ಗುಡ್ಡ ಹಿಂದೊಮ್ಮೆ ಜರಿದ ಗುರುತೂ ಇದೆ. ಅಂದರೆ ಮಾಹಿತಿ ಇತ್ತು. ಮಲಗಿದ್ದವರ ಮನೆಗೆ ಅದು ತಲುಪಿರಲಿಲ್ಲ.

ಹಾಗಾದರೆ ನಿಸಾರ್ ಬಂದು ಏನಾಗುತ್ತದೆ? ಸಾಮಾನ್ಯ ಕ್ಯಾಮೆರಾಗೆ ಮಳೆಗಾಲದ ಮೋಡದ ಆಚೆ ಏನೂ ಕಾಣಿಸದು. ರೇಡಾರ್‌ಗೆ ಕಾಣಿಸುತ್ತದೆ, ಹಗಲಾದರೂ ರಾತ್ರಿಯಾದರೂ. ನಿಸಾರ್ 12 ದಿನಕ್ಕೊಮ್ಮೆ ಅದೇ ಜಾಗವನ್ನು ನೋಡಿ, ನೆಲ ಒಂದೆರಡು ಸೆಂಟಿಮೀಟರ್ ಸರಿದರೂ ಲೆಕ್ಕ ಹಾಕಬಲ್ಲದು. ಒಂದೇ ರಾತ್ರಿಯ ಮಳೆಗೆ ಕಳಚಿ ಬೀಳುವ ಗುಡ್ಡವನ್ನು ಅದೂ ಮೊದಲೇ ಹೇಳಲಾರದು. ಮೆಲ್ಲಗೆ ಜಾರುತ್ತಿರುವ ಗುಡ್ಡವನ್ನು ಹೇಳಬಹುದು. ಉಡಾವಣೆಯ ನಂತರದ ತಪಾಸಣೆಗೆ ಮೂರು ತಿಂಗಳು ಬೇಕಿತ್ತು, ಆಮೇಲೆ ಕೆಲಸ ಶುರು.

ಆದರೆ ಉಪಗ್ರಹ ಅಂದರೆ ನಮ್ಮ ಕಾರ್ಕಳ, ಹೆಬ್ರಿ ಕಡೆಯ ಘಟ್ಟದ ಬುಡದ ಹಳ್ಳಿಗಳಲ್ಲಿ ಭಯವಿದೆ. ಕಾರಣ ಕಸ್ತೂರಿರಂಗನ್ ವರದಿ. ಇಸ್ರೋ ಅಧ್ಯಕ್ಷರಾಗಿದ್ದ ವಿಜ್ಞಾನಿಯ ಸಮಿತಿ 2013ರಲ್ಲಿ ಉಪಗ್ರಹ ಚಿತ್ರಗಳ ಆಧಾರದಲ್ಲೇ ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶ ಗುರುತಿಸಿತು. ವಯನಾಡು ಜರಿದ ಮರುದಿನವೇ ಕೇಂದ್ರದ ಆರನೇ ಕರಡು ಬಂತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು. "ಮೇಲಿಂದ ನೋಡಿದರೆ ನಮ್ಮ ತೋಟವೂ ಹಸಿರು, ಕಾಡೂ ಹಸಿರು. ಕೆಳಗೆ ಬಂದು ನೋಡಿದ್ದೀರಾ?" ಎಂಬುದು ಕೃಷಿಕರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಗೆರೆಯ ಜಗಳದಲ್ಲಿ ಗುಡ್ಡ ಕಾಯುತ್ತಾ ಕೂರುವುದಿಲ್ಲ ಸ್ವಾಮಿ.

ನನ್ನ ಮಾತು ಇಷ್ಟೇ. ಆ ನಕ್ಷೆ ಮೊದಲು ಗ್ರಾಮ ಪಂಚಾಯತಿನ ಗೋಡೆಗೆ ಬರಲಿ, ಕನ್ನಡದಲ್ಲಿ ಬರಲಿ. ಮನೆಗೆ ಪರವಾನಗಿ ಕೊಡುವಾಗ, ಕೆಂಪುಕಲ್ಲಿನ ಕೋರೆಗೆ ಒಪ್ಪಿಗೆ ಕೊಡುವಾಗ, ಜೆಸಿಬಿ ಗುಡ್ಡಕ್ಕೆ ಹಲ್ಲು ಹಾಕುವ ಮೊದಲು ಪಿಡಿಒ ಅದನ್ನು ನೋಡಲಿ. ನಕ್ಷೆ ತಪ್ಪಿದ್ದರೆ ತಿದ್ದುವ ಅಧಿಕಾರ ಗ್ರಾಮಸಭೆಗೆ ಇರಲಿ. ಗುಡ್ಡದಲ್ಲಿ ಬಿರುಕು ಬಿಟ್ಟದ್ದು, ತಿಳಿಯಾಗಿದ್ದ ಒರತೆಯಲ್ಲಿ ಒಮ್ಮೆಲೇ ಕೆಸರು ಬಂದದ್ದು ಅಲ್ಲಿರುವವರಿಗೇ ಮೊದಲು ಗೊತ್ತಾಗುವುದು. ಮೇಲಿನ ಕಣ್ಣು, ಕೆಳಗಿನ ಕಣ್ಣು ಎರಡೂ ಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲೇ, ಇದೇ ಪರದೆಯಲ್ಲಿ ಅಪಾಯದ ಗುಡ್ಡಗಳ ಚಿತ್ರ ತೋರಿಸುತ್ತೇನೆ. ನೀರಸ ಅನ್ನಿಸಬಹುದು, ಟಿಆರ್‌ಪಿಯೂ ಬರಲಿಕ್ಕಿಲ್ಲ. ಪರವಾಗಿಲ್ಲ, ಮಾವನಿಗೆ ಒಂದು ಉತ್ತರ ಕೊಡುವುದು ಬಾಕಿ ಇದೆ.