ಗಾಳಿ ಎತ್ತಲಿಂದ ಬರುತ್ತಿದೆ?

(ಸುವರ್ಣ ಮಹೋತ್ಸವದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಚಂದ್ರಯಾನದ ವಿಷಯ ಹೇಳಬಲ್ಲವರು ಈ ಭಾಗದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬೆಳಗಿನಿಂದ ಈ ಶಾಮಿಯಾನವನ್ನು ಎಳೆದಾಡುತ್ತಿರುವ ಗಾಳಿಯ ವಿಷಯವನ್ನೇ ಎತ್ತಿಕೊಳ್ಳುತ್ತೇನೆ.

ಅರವತ್ತು ದಾಟಿದವರಿಗೆ ಕಣ ನೆನಪಿರುತ್ತದೆ. ರಾಗಿ ಬಡಿದಾದ ಮೇಲೆ ಮೊರ ಹಿಡಿದು ಗಾಳಿಗೆ ಕಾಯುತ್ತಿದ್ದೆವು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಯನ್ನು ಈಗ ಪಕ್ಷ ಬಿಡುವವರಿಗೆ ಹೇಳುತ್ತೇವೆ, ಆದರೆ ಅದು ಹುಟ್ಟಿದ್ದು ಕಣದಲ್ಲಿ. ಬೆಳಗ್ಗೆ ಎಲೆ ಅಲ್ಲಾಡುತ್ತಿರಲಿಲ್ಲ. ಹೊತ್ತೇರಿದ ಮೇಲೆಯೇ ಗಾಳಿ ಬರುತ್ತಿತ್ತು. ಏಕೆ? ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ಅಂಟಿಕೊಂಡ ಗಾಳಿಯೂ ತಣ್ಣಗಾಗಿ, ಭಾರವಾಗಿ, ಕದಲದೆ ಮಲಗಿರುತ್ತದೆ. ಮೇಲೆ ಬೀಸುವ ಗಾಳಿ ಅದರ ಬೆನ್ನ ಮೇಲೆ ಜಾರಿಹೋಗುತ್ತದೆ. ಬಿಸಿಲೇರಿ ನೆಲ ಕಾದಾಗ ಕೆಳಗಿನ ಗಾಳಿ ಹಗುರಾಗಿ ಮೇಲೇಳುತ್ತದೆ, ಮೇಲಿನದು ತನ್ನ ವೇಗದ ಸಮೇತ ಕೆಳಗಿಳಿಯುತ್ತದೆ. ಹೀಗೆ ಮಗುಚಿಕೊಂಡಾಗಲೇ ತೂರುವ ಗಾಳಿ. ನಮ್ಮ ಅಜ್ಜಂದಿರಿಗೆ ಈ ಕಾರಣ ಗೊತ್ತಿತ್ತೋ ಇಲ್ಲವೋ, ಹೊತ್ತು ಮಾತ್ರ ಸರಿಯಾಗಿ ಗೊತ್ತಿತ್ತು.

ಗಾಳಿಯ ಮೂಲ ಇಷ್ಟೇ: ಸೂರ್ಯ ಎಲ್ಲ ಕಡೆ ಒಂದೇ ಸಮ ಕಾಯಿಸುವುದಿಲ್ಲ. ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ಕಡೆ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಹೆಚ್ಚಿರುವ ಕಡೆಯಿಂದ ಗಾಳಿ ಅತ್ತ ನುಗ್ಗುತ್ತದೆ. ನೇರವಾಗಿ ನುಗ್ಗಿದರೆ ಪಾಠ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧಗೋಳದಲ್ಲಿ ದೂರದ ಗಾಳಿ ಬಲಕ್ಕೆ ಬಾಗುತ್ತದೆ. ಸಮಭಾಜಕದ ಆಚೆಯಿಂದ ಹೊರಟ ಮುಂಗಾರು ಗಾಳಿ ಹೀಗೆ ಬಾಗಿಯೇ ನಮಗೆ ನೈಋತ್ಯದಿಂದ ಬರುತ್ತದೆ.

ಇದಕ್ಕೊಂದು ಸುಲಭದ ಸೂತ್ರವಿದೆ, 1857ರಲ್ಲಿ ಬೈಸ್ ಬ್ಯಾಲಟ್ ಎಂಬ ಡಚ್ ವಿಜ್ಞಾನಿ ಹೇಳಿದ್ದು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಒತ್ತಡ ಕಡಿಮೆಯಿರುವ ಜಾಗ ನಿಮ್ಮ ಎಡಗೈ ಕಡೆ ಇರುತ್ತದೆ. ಆಷಾಢದ ಪಡುವಣ ಗಾಳಿಗೆ ಬೆನ್ನು ಕೊಟ್ಟರೆ ಮುಖ ಮೂಡಲಿಗೆ, ಎಡಗೈ ಉತ್ತರಕ್ಕೆ. ಅಲ್ಲಿ, ರಾಜಸ್ಥಾನದಿಂದ ಗಂಗಾ ಬಯಲಿನವರೆಗೆ, ಆಗ ಒತ್ತಡ ಕುಸಿದಿರುತ್ತದೆ. ಹಿಂಗಾರಿನಲ್ಲಿ ಚೆನ್ನೈ ಎದುರಿನ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ನಮಗೆ ಗಾಳಿ ಬಡಗಣದಿಂದ ತಿರುಗುತ್ತದೆ. ಬೆನ್ನು ಕೊಟ್ಟರೆ ಎಡಗೈ ಮೂಡಲಿಗೆ, ಬಂಗಾಳ ಕೊಲ್ಲಿಗೆ. ಮಕ್ಕಳೇ, ಪರೀಕ್ಷೆಯಲ್ಲಿ ತಪ್ಪುವುದು ಒಂದೇ ಕಡೆ: ಗಾಳಿಗೆ ಹೆಸರು ಅದು ಹೋಗುವ ದಿಕ್ಕಿನದಲ್ಲ, ಬರುವ ದಿಕ್ಕಿನದು.

ಆಷಾಢದಲ್ಲಿ ಬೆಂಗಳೂರಿಗೆ ಮಳೆಗಿಂತ ಗಾಳಿಯೇ ಜೋರು. ಮೋಡ ಓಡುತ್ತದೆ, ತುಂತುರು ಬೀಳುತ್ತದೆ, ಅಷ್ಟೇ. ಮಳೆಯನ್ನು ಆಗುಂಬೆ ಕಡೆಯ ಘಟ್ಟಗಳು ಇಳಿಸಿಕೊಂಡುಬಿಡುತ್ತವೆ. ಗಾಳಿ ಮಾತ್ರ ಘಟ್ಟ ಹತ್ತಿ ಬರುತ್ತದೆ. 1966ರಲ್ಲಿ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ಎಂಬ ನಮ್ಮ ದೇಶದ ಹವಾಮಾನ ವಿಜ್ಞಾನಿಗಳು, ಜುಲೈನಲ್ಲಿ ದಕ್ಷಿಣ ಭಾರತದ ಮೇಲೆ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಪಡುವಣದಿಂದ ಒಂದು ರಭಸದ ಗಾಳಿಹೊಳೆ ಹರಿಯುತ್ತದೆಂದು ತೋರಿಸಿಕೊಟ್ಟರು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಂದರೆ ಆ ಹೊಳೆಯ ತಳದಲ್ಲೇ ನಾವಿದ್ದೇವೆ. ತುರಹಳ್ಳಿ ಗುಡ್ಡದ ಬಂಡೆ ಹತ್ತಿ ಜುಲೈನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿತ್ರದುರ್ಗ, ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದೂ ಈ ಗಾಳಿಯನ್ನು ನಂಬಿಯೇ. ವೇಗ ಎರಡರಷ್ಟಾದರೆ ಗಾಳಿಯಿಂದ ಸಿಗಬಹುದಾದ ಶಕ್ತಿ ಎಂಟರಷ್ಟು, ಆದ್ದರಿಂದ ಒಂದು ಗುಡ್ಡದ ಎತ್ತರಕ್ಕೂ ಬೆಲೆ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿದ್ದು ಏಪ್ರಿಲ್-ಮೇ ತಿಂಗಳ ಗಾಳಿಯನ್ನು. ಆಷಾಢದ ಗಾಳಿ ಮುಂಚೆಯೇ ಗೊತ್ತಿರುವ ನೆಂಟ. ಇದು ಹಾಗಲ್ಲ. ಮಧ್ಯಾಹ್ನ ಸೆಕೆ, ಗಾಳಿಯೇ ಇಲ್ಲ, ಮೋಡ ಗೋಪುರದ ಹಾಗೆ ಏಳುತ್ತದೆ. ಮೋಡದಿಂದ ಬೀಳುವ ಹನಿಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಧುಮುಕುತ್ತದೆ. ಒಂದು ಕೊಡ ನೀರು ಅಂಗಳಕ್ಕೆ ಸುರಿದಂತೆ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗೆ ಮುಂಚೆ ದೂಳೆಬ್ಬಿಸಿಕೊಂಡು ಬರುವುದು ಇದೇ. ಸೆಕೆಯ ನಡುವೆ ಥಟ್ಟನೆ ತಂಪು ಗಾಳಿ, ಮಣ್ಣಿನ ವಾಸನೆ, ದಿಕ್ಕು ಬದಲಾದ ಬಟ್ಟೆಹಗ್ಗ: ಇವು ಕಂಡರೆ ನಿಮ್ಮ ಕೈಯಲ್ಲಿರುವುದು ಕೆಲವೇ ನಿಮಿಷ. ನಮ್ಮ ಹುಡುಗರು ಆ ತಂಪಿಗೆ ಖುಷಿಪಟ್ಟು ಮೈದಾನಕ್ಕೆ ಓಡುತ್ತಾರೆ, ಹನಿ ಬಿದ್ದರೆ ಮರದ ಕೆಳಗೆ ನಿಲ್ಲುತ್ತಾರೆ. ಸಿಡಿಲಿಗೂ ಮರಕ್ಕೂ ಇರುವ ನಂಟು ನಿಮಗೆ ಗೊತ್ತು. ಕೊಂಬೆ ಮುರಿಯುವುದೂ ಆ ಹೊತ್ತಿನಲ್ಲೇ.

ಮರ ಬಿದ್ದಾಗ ಗಾಳಿಯನ್ನು ಬೈಯುತ್ತೇವೆ. ಬಿದ್ದ ಮರದ ಬುಡ ಒಮ್ಮೆ ನೋಡಿ. ಚರಂಡಿಗೆಂದು ಒಂದು ಕಡೆ ಬೇರು ಕತ್ತರಿಸಿರುತ್ತಾರೆ, ಕೇಬಲ್‌ಗೆಂದು ಇನ್ನೊಂದು ಕಡೆ, ಉಳಿದ ಸುತ್ತಳತೆಗೆ ಸಿಮೆಂಟ್. ವೇಗ ಎರಡರಷ್ಟಾದರೆ ಗಾಳಿಯ ತಳ್ಳು ನಾಲ್ಕರಷ್ಟಾಗುತ್ತದೆ. ಅಂಥ ಬುಡ ಹೇಗೆ ತಡೆದೀತು? ಬುಡದ ಸುತ್ತ ಒಂದೆರಡು ಗಜವಾದರೂ ಮಣ್ಣು ಬಿಡಬೇಕು, ನೀರು ಇಂಗಬೇಕು. ನಮ್ಮ ಶಾಲೆಯ ಆವರಣಕ್ಕೂ ಇದು ಅನ್ವಯಿಸುತ್ತದೆ ಎಂದು ಮುಖ್ಯೋಪಾಧ್ಯಾಯರ ಎದುರಿಗೇ ಹೇಳುತ್ತಿದ್ದೇನೆ.

ಇನ್ನು ಶೀಟಿನ ಸೂರು. ಗಾಳಿ ಮೇಲಿನಿಂದ ಒತ್ತಿ ಶೀಟು ಮುರಿಯುತ್ತದೆ ಎಂದು ಅನೇಕರ ನಂಬಿಕೆ. ನಡೆಯುವುದು ತಿರುಗುಮುರುಗು. ಶೀಟಿನ ಮೇಲೆ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಬಾಗಿಲಿನಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ಎತ್ತುತ್ತದೆ. ಮೊದಲು ಏಳುವುದು ಅಂಚು, ಮೂಲೆ. ಅದಕ್ಕೇ ಶೀಟಿನ ಮೇಲೆ ಕಲ್ಲು ಹೇರುವುದು ನನಗೆ ಸರಿಕಾಣುವುದಿಲ್ಲ: ಶೀಟು ಎದ್ದರೆ ಆ ಕಲ್ಲು ಯಾರ ತಲೆಯ ಮೇಲೆ? ಅಂಚಿನ ಸಾಲಿಗೆ ಕೊಕ್ಕೆ ಬೋಲ್ಟುಗಳನ್ನು ಒತ್ತೊತ್ತಾಗಿ ಹಾಕಿಸಿ. ತುಕ್ಕು ಹಿಡಿದಿದ್ದನ್ನು ಯುಗಾದಿಯೊಳಗೆ ಬದಲಿಸಿ. ಖರ್ಚು ಹೆಚ್ಚಲ್ಲ.

ಇಂದು ಬೀಸುತ್ತಿರುವುದು ಮೂಡಣ ಗಾಳಿ. ತಾರಸಿಯ ಮೇಲೆ ಕೋಲಿಗೆ ಒಂದು ರಿಬ್ಬನ್ ಕಟ್ಟಿಸಿದ್ದೇನೆ. ಒಂಬತ್ತನೇ ತರಗತಿಯ ಮಕ್ಕಳು ದಿನಕ್ಕೆರಡು ಸಲ ದಿಕ್ಕು ಬರೆದಿಡಲು ಒಪ್ಪಿದ್ದಾರೆ. ಊಟ ಆದ ಮೇಲೆ ಬಂದು ನೋಡಿ. ಮೆಟ್ಟಿಲು ಕಡಿದು, ಹಿರಿಯರು ಜೋಪಾನ.