ಒಂದು ತೊಟ್ಟು ರಕ್ತ

ವರ್ಷ ತುಂಬಿದರೂ ಮಗು ಕೂರಲಿಲ್ಲ, ಮೂರು ತುಂಬಿದರೂ ಮಾತು ಬರಲಿಲ್ಲ ಎಂದರೆ ಮನೆಯವರು ಮೊದಲು ನೋಡುವುದು ತಾಯಿಯ ಮುಖವನ್ನು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೇನೋ ಎಂಬಲ್ಲಿಗೆ ಮಾತು ಹೋಗುತ್ತದೆ. ಹಣೆಬರಹವೆಂದು ಕೈಕಟ್ಟಿ ಕೂರದ, ದೂರದ ನಾರ್ವೆ ದೇಶದ ತಾಯಿಯೊಬ್ಬಳ ವಿಷಯವನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಆಕೆಯ ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆಯಲಿಲ್ಲ. ಅವರಿಂದ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತಿತ್ತು. ವೈದ್ಯರಿಂದ ವೈದ್ಯರಿಗೆ ಅಲೆದು, ಕೊನೆಗೆ 1934ರಲ್ಲಿ ಆಸ್ಲೋ ನಗರದ ಡಾಕ್ಟರ್ ಫೋಲಿಂಗ್ ಅವರ ಬಳಿಗೆ ಬಂದಳು. ಅವರು ರಸಾಯನಶಾಸ್ತ್ರವನ್ನೂ ಬಲ್ಲವರಾಗಿದ್ದುದು ಆಕೆಯ ಪುಣ್ಯ. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಕಡು ಹಸಿರಾಯಿತು. ಆ ಹಸಿರಿನ ಜಾಡು ಹಿಡಿದು ಅವರು ಕಂಡ ರೋಗಕ್ಕೆ ಈಗ ಫೀನೈಲ್‌ಕೀಟೋನೂರಿಯ ಎಂದು ಹೆಸರು.

ಹಾಲು, ಬೇಳೆ, ಮೊಟ್ಟೆಗಳ ಪ್ರೋಟೀನಿನಲ್ಲಿ ಫೀನೈಲಾಲನೀನ್ ಎಂಬ ಅಂಶವುಂಟು. ಅದನ್ನು ಮಾರ್ಪಡಿಸುವ ಯಕೃತ್ತಿನ ಕಿಣ್ವ ಈ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡದು. ಹುಟ್ಟಿದಾಗ ಮಗು ಮುದ್ದಾಗಿಯೇ ಇರುತ್ತದೆ. ಹಾಲು ಕುಡಿದಂತೆಲ್ಲ ಆ ಅಂಶ ರಕ್ತದಲ್ಲಿ ಹೆಚ್ಚಿ, ಬೆಳೆಯುವ ಮಿದುಳನ್ನು ಕೆಡಿಸುತ್ತದೆ.

ಇದರಲ್ಲಿ ತಾಯಿಯೊಬ್ಬಳದೇ ಪಾಲಿಲ್ಲ. ದೋಷವುಳ್ಳ ಜೀನ್ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದರೆ ಮಾತ್ರ ರೋಗ. ಒಂದೊಂದನ್ನೇ ಹೊತ್ತ ತಂದೆತಾಯಿಗಳು ಆರೋಗ್ಯವಾಗಿಯೇ ಇರುತ್ತಾರೆ. ಅಂಥ ದಂಪತಿಗಳಿಗೆ ಪ್ರತಿ ಬಸಿರಿನಲ್ಲಿಯೂ 4ರಲ್ಲಿ 1 ಪಾಲು ಅಪಾಯ. ಮೊದಲ ಮಗುವಿಗೆ ಬಂತು, ಮುಂದಿನ ಮೂರಕ್ಕೆ ಬಾರದು ಎಂಬ ಲೆಕ್ಕ ಇಲ್ಲಿ ನಡೆಯದು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದುಂಟಷ್ಟೆ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತಾರೆ. ಆದರೂ ಒಂದೇ ದೋಷ ಎರಡು ಕಡೆಯಿಂದ ಕೂಡುವ ಸಂಭವ ಅಲ್ಲಿ ಹೆಚ್ಚು.

ಇದಕ್ಕೆ ಮದ್ದೆಂದರೆ ಪಥ್ಯ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1951ರ ಸುಮಾರಿಗೆ ಡಾಕ್ಟರ್ ಬಿಕೆಲ್ ಮತ್ತು ಸಂಗಡಿಗರು ಒಂದು ಮಗುವಿಗೆ ಫೀನೈಲಾಲನೀನ್ ಕಡಿಮೆಯಿರುವ ಆಹಾರ ಕೊಟ್ಟರು, ಮಗು ಚೇತರಿಸಿಕೊಂಡಿತು. ತಾಯಿಗೆ ತಿಳಿಸದೆ ಆ ಅಂಶವನ್ನು ಮತ್ತೆ ಆಹಾರಕ್ಕೆ ಸೇರಿಸಿದಾಗ ಮಗು ಕೆಲವೇ ದಿನಗಳಲ್ಲಿ ಹಿಂದಕ್ಕೆ ಜಾರಿತು. ರುಜುವಾತೇನೋ ಸಿಕ್ಕಿತು, ಆ ತಾಯಿಯ ದಿಗಿಲನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಆದರೆ ಕೆಟ್ಟ ಮಿದುಳು ಪಥ್ಯದಿಂದ ಪೂರ್ತಿ ಸರಿಹೋಗದು. ಮೊದಲ ವಾರಗಳಲ್ಲೇ ಪಥ್ಯ ಹಿಡಿದರೆ ಮಗು ಓರಗೆಯವರಂತೆ ಓದಿ ಬೆಳೆಯಬಲ್ಲದು; ಪಥ್ಯ ಮಾತ್ರ ಜೀವನಪರ್ಯಂತ. ರೋಗವನ್ನು ಅಷ್ಟು ಬೇಗ ಹಿಡಿಯಲು ಅಮೆರಿಕೆಯ ರಾಬರ್ಟ್ ಗತ್ರಿ ಅವರು 1960ರ ದಶಕದ ಮೊದಲಲ್ಲಿ ದಾರಿ ತೋರಿದರು: ಕೂಸಿನ ಹಿಮ್ಮಡಿಯಿಂದ ಕಾಗದದ ಮೇಲೆ ಇಳಿಸಿದ ತೊಟ್ಟು ರಕ್ತ, ಅಷ್ಟೆ.

ರೋಗ ವಿರಳವೇ. ಬುದ್ಧಿಮಾಂದ್ಯಕ್ಕೆ ಬೇರೆ ಕಾರಣಗಳೂ ಬಹಳ. ಆದರೆ ಹಾಗೆಯೇ ತೆಗೆದ ರಕ್ತದಲ್ಲಿ ಥೈರಾಯಿಡ್ ಕೊರತೆಯನ್ನೂ ಕಾಣಬಹುದು. ಅದಕ್ಕೆ ಸುಲಭದ ಮಾತ್ರೆಯುಂಟು. ನಮ್ಮ ದೇಶದ ಎಲ್ಲ ಆಸ್ಪತ್ರೆಗಳಲ್ಲೂ ಈ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಮನೆಯಲ್ಲಿ ಬಾಣಂತಿಯಿದ್ದರೆ ನೀವೇ ಕೇಳಿ, ಕೂಸು ಹಾಲು ಕುಡಿಯತೊಡಗಿ ಒಂದೆರಡು ದಿನ ಕಳೆದ ಮೇಲೆ ಮಾಡಿಸಿರಿ.