ಆದಿಪುರಾಣದಲ್ಲಿ ಆಯುಸ್ಸೂ ಕೀರ್ತಿಯೂ
(ಮಹೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಆಯುಸ್ಸು ಅಲ್ಪ, ಕೀರ್ತಿ ಅಸ್ಥಿರ ಎಂಬುದನ್ನು ಅರಿಯದವರಿಲ್ಲ. ಅರಿತಂತೆ ಬಾಳುವವರು ವಿರಳ. ಬರಿಯ ಉಪದೇಶವು ಕಿವಿಯಲ್ಲಿ ನಿಲ್ಲುವುದು. ಕಾವ್ಯವು ಕಾಣಿಸಿದುದು ಎದೆಗೆ ಇಳಿಯುವುದು. ಕ್ರಿ. ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣವೇ ಇದಕ್ಕೆ ನಿದರ್ಶನ. ಅದು ಜೈನಪುರಾಣವಾದರೂ, ಮರಣಕ್ಕೆ ಮತಭೇದವಿಲ್ಲವಾದುದರಿಂದ, ನಾವೂ ಆದರದಿಂದ ಓದತಕ್ಕ ಗ್ರಂಥವಾಗಿದೆ.

ವಜ್ರಜಂಘ ಶ್ರೀಮತಿಯರು ಭೋಗದ ನಡುವೆ ಇರುವಾಗ, ಶಯ್ಯಾಗೃಹದಲ್ಲಿ ಇಟ್ಟ ಧೂಪದ ಹೊಗೆಯೇ ಅವರ ಉಸಿರನ್ನು ಕಟ್ಟಿತು. ಶತ್ರುವಿಲ್ಲ, ರೋಗವಿಲ್ಲ, ಸುಖಸಾಧನವೇ ಮೃತ್ಯುಸಾಧನವಾಯಿತು.

ಇದಕ್ಕಿಂತಲೂ ಮರ್ಮಭೇದಕವಾದುದು ನೀಲಾಂಜನೆಯ ಪ್ರಸಂಗ. ವೃಷಭನಾಥನಲ್ಲಿ ವೈರಾಗ್ಯವನ್ನು ಹುಟ್ಟಿಸಬೇಕೆಂದು ಇಂದ್ರನು, ಆಯುಸ್ಸು ತೀರುತ್ತಬಂದಿದ್ದ ಈ ನರ್ತಕಿಯನ್ನೇ ಸಭೆಯಲ್ಲಿ ಕುಣಿಯಿಸಿದನು. ನೃತ್ಯದ ನಡುವೆಯೇ ಅವಳು ಇಲ್ಲವಾದಳು. ರಸಭಂಗವಾಗದಂತೆ ಇಂದ್ರನು ಒಡನೆಯೇ ಅವಳಂತಹ ಇನ್ನೊಬ್ಬಳನ್ನು ನಿಲ್ಲಿಸಿದನು. ಸಭೆಗೆ ಏನೂ ತಿಳಿಯಲಿಲ್ಲ. ವೃಷಭನೊಬ್ಬನೇ ಕಂಡನು, ಕಂಡು ವಿರಕ್ತನಾದನು. ಅವಳು ಅಳಿದುದಕ್ಕಿಂತ, ಅಳಿದುದನ್ನು ಯಾರೂ ಅರಿಯದೆ ಹೋದುದೇ ಇಲ್ಲಿ ನಮ್ಮನ್ನು ನಡುಗಿಸುವುದು.

ಇನ್ನು ಕೀರ್ತಿಯ ಮಾತು. ವೃಷಭನ ಮಗನಾದ ಭರತಚಕ್ರವರ್ತಿಯು ಷಟ್ಖಂಡಗಳನ್ನು ಗೆದ್ದು, ತನ್ನ ಪ್ರಶಸ್ತಿಯನ್ನು ಬರೆಯಿಸಲು ವೃಷಭಾದ್ರಿಗೆ ಬಂದನು. ನೋಡಿದರೆ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ತುಂಬಿದ ಆ ಬೆಟ್ಟದಲ್ಲಿ ಎಡೆಯೇ ಇಲ್ಲ! ಗರ್ವವು ಕರಗಿತು. ಆದರೂ ಹಳೆಯದೊಂದನ್ನು ಅಳಿಸಿ ತನ್ನದನ್ನು ಬರೆಯಿಸಿದನು. ಇನ್ನೊಬ್ಬನ ಹೆಸರನ್ನು ಅಳಿಸಿದ ಆ ಕಾರ್ಯವೇ ತನ್ನ ಹೆಸರಿನ ಮುಂದಿನ ಗತಿಯನ್ನೂ ಸಾರಿತಲ್ಲವೆ?

ಹಾಗಾದರೆ ಉಳಿಯುವುದಾವುದು? ಪಂಪನ ತಮ್ಮನಾದ ಜಿನವಲ್ಲಭನು, ಈಗ ತೆಲಂಗಾಣದಲ್ಲಿರುವ ಕುರಿಕ್ಯಾಲದ ಬಂಡೆಯ ಮೇಲೆ ಕನ್ನಡ, ಸಂಸ್ಕೃತ, ತೆಲುಗು ಭಾಷೆಗಳಲ್ಲಿ ಶಾಸನವನ್ನು ಕೊರೆಯಿಸಿ ಅಣ್ಣನನ್ನು ಕೊಂಡಾಡಿದನು. ಆ ಭ್ರಾತೃಪ್ರೇಮವು ಶ್ಲಾಘ್ಯವೇ. ಆದರೆ ಆ ಬಂಡೆಯನ್ನು ಕಂಡವರು ಕೆಲವರು; ಪಂಪನ ನುಡಿಯಿಂದ ಮನಸ್ಸು ತಿಳಿಯಾದವರು ಅಸಂಖ್ಯರು.

ಮಹೋತ್ಸವದ ಈ ಶುಭಕಾಲದಲ್ಲಿ ದಾನಿಗಳ ನಾಮಧೇಯಗಳನ್ನು ಕಲ್ಲಿನಲ್ಲಿ ಕೆತ್ತಿಸುವುದು ತಪ್ಪಲ್ಲ. ಅದು ಕೃತಜ್ಞತೆಯ ಕುರುಹು. ಆದರೆ ಕೊಡುವವರು ಕಲ್ಲಿಗಾಗಿ ಕೊಡಬಾರದು. ಕಲ್ಲಿನಲ್ಲಿ ಎಡೆಯು ಒಂದು ದಿನ ತೀರುವುದು. ಹಸಿದ ವಿದ್ಯಾರ್ಥಿಗೆ ಇಕ್ಕಿದ ತುತ್ತು ಅನ್ನವನ್ನೂ, ಕಲಿಸಿದ ನಾಲ್ಕು ಅಕ್ಷರಗಳನ್ನೂ ಯಾವ ಚಕ್ರವರ್ತಿಯೂ ಅಳಿಸಲಾರನು. ನಮ್ಮ ಕುಣಿತ ಎಂದು ನಿಲ್ಲುವುದೋ ನಾವರಿಯೆವು. ಆದುದರಿಂದ ಮಾಡತಕ್ಕ ಸತ್ಕಾರ್ಯವನ್ನು ಇಂದೇ ಮಾಡೋಣವೆಂದು ಬಿನ್ನವಿಸಿ ವಿರಮಿಸುತ್ತೇನೆ.